ಒಂದೇ ಗೆರೆಯ ಚುಕ್ಕಿ

ನನ್ನ ಹೆಂಡತಿಯ ಕೆಲಸ ಏನು ಎಂದು ಯಾರಾದರೂ ಕೇಳಿದರೆ, ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಾಳೆ ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಪಾಠ ಮುಗಿಸಿ ಮನೆಗೆ ಬಂದವಳು ಹಾಳೆಯ ಮೇಲೆ ಚುಕ್ಕಿ ಇಡುತ್ತಾಳೆ. ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆಯುತ್ತಾಳೆ. ಆಮೇಲೆ ಒಂದು ಚುಕ್ಕಿಯನ್ನು ಅಳಿಸಿ, ಉಳಿದವುಗಳ ಗತಿ ಏನಾಯಿತು ಎಂದು ಗಲ್ಲಕ್ಕೆ ಕೈಕೊಟ್ಟು ಕೂರುತ್ತಾಳೆ. ಇದನ್ನು ಸಂಶೋಧನೆ ಎನ್ನುತ್ತಾರೆ ಎಂದರೆ ನಮ್ಮ ಡ್ರೈವಿಂಗ್ ಸ್ಕೂಲಿಗೆ ಬರುವ ಜನ ನಂಬುವುದಿಲ್ಲ. ನಾನೇ ನಂಬಿರಲಿಲ್ಲ, ಅವರನ್ನು ಅಂದು ಏನು ಪ್ರಯೋಜನ?

ಪುಸ್ತಕದಲ್ಲಿ ಆ ಚುಕ್ಕಿಗೆ ಶೃಂಗ ಎಂದು ಹೆಸರು. ಚುಕ್ಕಿ, ಗೆರೆ ಎಲ್ಲ ಸೇರಿದ ಬಲೆಗೆ ಗ್ರಾಫ್. ಶಾಲೆಯಲ್ಲಿ ಚೌಕುಳಿ ಹಾಳೆಯ ಮೇಲೆ ಹಾಕಿಸಿ ನಮ್ಮ ಪ್ರಾಣ ತೆಗೆದ ಗ್ರಾಫ್ ಅಲ್ಲ ಇದು. ಗೆರೆ ಉದ್ದವೋ ಗಿಡ್ಡವೋ, ನೆಟ್ಟಗಿದೆಯೋ ಸೊಟ್ಟಗಿದೆಯೋ, ಇವೆಲ್ಲ ಇಲ್ಲಿ ಲೆಕ್ಕಕ್ಕಿಲ್ಲ. ಯಾವುದಕ್ಕೆ ಯಾವುದರ ನಂಟು ಎಂಬುದೊಂದೇ ಮುಖ್ಯ. ವಿದ್ಯಾರ್ಥಿಗಳು ಬೆನ್ನ ಹಿಂದೆ ಅವಳನ್ನು ಚುಕ್ಕಿ ಮೇಡಂ ಎನ್ನುತ್ತಾರೆ. ಅವಳಿಗೆ ಅದು ಗೊತ್ತು, ಒಳಗೊಳಗೇ ಖುಷಿಯೂ ಇದೆ.

ಅವಳು ನನಗೆ ಸಿಕ್ಕಿದ್ದೇ ಕಾರು ಕಲಿಯಲು ಬಂದು. ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. ದಿನವಿಡೀ ಇನ್ನೊಬ್ಬರ ಕಾಲಿನ ಕೆಳಗೆ ಜೀವ ಇಟ್ಟು ಕೂರುವವನಿಗೆ ತಾಳ್ಮೆ ಎಲ್ಲಿಂದ ಬರಬೇಕು ಹೇಳಿ. ಈಕೆ ಪ್ರತಿ ಜಂಕ್ಷನ್ನಿನಲ್ಲೂ, ಹಸಿರು ದೀಪ ಹತ್ತಿದರೂ, ಕಾರು ನಿಲ್ಲಿಸಿಕೊಂಡು ಸುತ್ತ ನೋಡುತ್ತಿದ್ದಳು. ಹಿಂದಿನವರು ಹಾರ್ನ್ ಹೊಡೆದೂ ಹೊಡೆದೂ ಸುಸ್ತಾಗುತ್ತಿದ್ದರು. ಯಾಕೆ ಮೇಡಂ, ದೀಪಕ್ಕೆ ಇನ್ನೂ ಯಾವ ಬಣ್ಣ ಬರಬೇಕು ಎಂದು ಒಂದು ದಿನ ರೇಗಿದೆ. ಅವಳು ಬೇಜಾರು ಮಾಡಿಕೊಳ್ಳದೆ, ಇಲ್ಲಿ ಐದು ರಸ್ತೆ ಸೇರುತ್ತವೆ, ಈ ಜಂಕ್ಷನ್ ಒಂದು ಮುಚ್ಚಿದರೆ ಆಚೆಯ ಬಡಾವಣೆಯವರು ಈಚೆ ಬರುವ ಹಾಗೇ ಇಲ್ಲ, ನೋಡಿದ್ದೀರಾ ಎಂದು ಕೇಳಿದಳು. ನೀವು ಗಾಡಿ ಮುಂದೆ ಬಿಡದಿದ್ದರೆ ಅದು ಈಗಲೇ ಮುಚ್ಚಿದ ಹಾಗೆ ಎಂದೆ. ನಕ್ಕಳು. ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದಳು. ಮೂರನೆಯ ಸಲ ಪಾಸಾಗುವ ಹೊತ್ತಿಗೆ ನಮ್ಮ ಮದುವೆಯ ಮಾತು ಮುಗಿದಿತ್ತು. ನಮ್ಮ ಅತ್ತೆ ಇವತ್ತಿಗೂ ಬಂದವರ ಮುಂದೆಲ್ಲ ಹೇಳುವುದು ಒಂದೇ: ಲೈಸೆನ್ಸ್ ತಗೊಂಡು ಬಾ ಎಂದು ಕಳಿಸಿದರೆ ಡ್ರೈವರನ್ನೇ ಕರೆದುಕೊಂಡು ಬಂದಳು.

ಮದುವೆಯಾದ ಮೇಲೆ ಚುಕ್ಕಿಗಳೂ ಅವಳ ಜೊತೆ ನಮ್ಮ ಮನೆಗೆ ಬಂದವು. ಎರಡೇ ಕೋಣೆ, ಒಂದೇ ಮೇಜು. ಊಟಕ್ಕೆ ಕೂರಬೇಕಾದರೆ ಮೊದಲು ಹಾಳೆಗಳನ್ನು ಮಂಚಕ್ಕೆ ಸಾಗಿಸಬೇಕು, ಮಲಗಬೇಕಾದರೆ ಮತ್ತೆ ಮೇಜಿಗೆ. ಅವಳು ಬೆನ್ನು ಹತ್ತಿದ್ದ ಪ್ರಶ್ನೆ ಜೋಡಿ ಕಟ್ಟುವುದರ ಬಗ್ಗೆ. ಗೆರೆಯಿರುವ ಎರಡೆರಡು ಚುಕ್ಕಿಗಳನ್ನು ಜೋಡಿ ಮಾಡುತ್ತಾ ಹೋಗಬೇಕು, ಒಂದು ಚುಕ್ಕಿ ಒಂದೇ ಜೋಡಿಯಲ್ಲಿರಬೇಕು, ಆದಷ್ಟು ಹೆಚ್ಚು ಜೋಡಿಯಾಗಬೇಕು. ಎಷ್ಟೇ ಜಾಣತನ ಮಾಡಿದರೂ ಕೆಲವು ಚುಕ್ಕಿ ಒಂಟಿಯಾಗಿ ಉಳಿದೇ ಉಳಿಯುತ್ತವೆ. ಉಳಿಯುವುದು ಯಾವುದು, ಅದೇ ಯಾಕೆ ಉಳಿಯಬೇಕು, ಅದರ ಬದಲು ಇನ್ನೊಂದು ಉಳಿದರೆ ಆಗದೆ ಎಂಬುದು ಅವಳ ತಲೆನೋವು. ವರ್ಷಕ್ಕೊಮ್ಮೆ ಎಲ್ಲೋ ಹೋಗಿ ಇದರ ಮೇಲೆ ಮಾತಾಡಿ ಬರುತ್ತಿದ್ದಳು. ಎಷ್ಟು ಜನ ಕೇಳಿದರು ಎಂದರೆ, ಎಚ್ಚರವಾಗಿದ್ದವರಾ ಒಟ್ಟಾ ಎಂದು ನನ್ನನ್ನೇ ಕೇಳುತ್ತಿದ್ದಳು.

ಅವಳ ಕಸುಬಿನವರಿಗೆ ಒಂದು ಪದ್ಧತಿಯಿದೆ. ಚುಕ್ಕಿ ಊರಾಗಿರಲಿ, ಮನುಷ್ಯನಾಗಿರಲಿ, ಮೊದಲು ಅದರ ಹೆಸರು ತೆಗೆದುಹಾಕುತ್ತಾರೆ. ಬರೀ ಅಂಕಿ ಕೊಟ್ಟು, ಆ ಅಂಕಿಗಳನ್ನೂ ಕಲಸಿಬಿಡುತ್ತಾರೆ. ಹೆಸರಿದ್ದರೆ ಮನಸ್ಸು ಅಲ್ಲೇ ತಗಲಿಕೊಳ್ಳುತ್ತದೆ, ಲೆಕ್ಕ ಓಡುವುದಿಲ್ಲ ಎಂದು ಅವಳ ನಂಬಿಕೆ. ಹೆಸರು ತೆಗೆದರೆ ಯಾರು ಯಾರೆಂದು ತಿಳಿಯುವುದಿಲ್ಲ ಎಂದೂ ನಂಬಿದ್ದಳು. ನಮ್ಮ ಸಂಸಾರದಲ್ಲಿ ಗಲಾಟೆ ಎಬ್ಬಿಸಿದ್ದು ಈ ಎರಡನೆಯ ನಂಬಿಕೆ.

ಮದುವೆಯಾಗಿ ಹತ್ತು ಹನ್ನೆರಡು ವರ್ಷವಾದ ಮೇಲೆ ನನ್ನ ಕಾಲು ಊದತೊಡಗಿತು. ಇಡೀ ದಿನ ಸೀಟಿನಲ್ಲಿ ಕೂತವನ ಕಾಲು ಊದದೆ ಇನ್ನೇನು ಎಂದು ತಳ್ಳಿಹಾಕಿದೆ. ಮುಖವೂ ಊದಿದಾಗ ಹೆಂಡತಿ ನನ್ನ ಮಾತು ಕಿವಿಗೇ ಹಾಕಿಕೊಳ್ಳದೆ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಎರಡೂ ಕಿಡ್ನಿ ಕೈಕೊಟ್ಟಿದ್ದವು. ಅಲ್ಲಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ಒಂದು ಉದ್ದನೆಯ ಹಾಲ್, ಸಾಲಾಗಿ ಒರಗು ಕುರ್ಚಿಗಳು, ಪ್ರತಿ ಕುರ್ಚಿಯ ಪಕ್ಕ ಒಂದು ಯಂತ್ರ. ಕೈಗೆ ಎರಡು ಸೂಜಿ ಚುಚ್ಚಿ, ರಕ್ತವನ್ನೆಲ್ಲ ಹೊರಗೆ ತಂದು ತೊಳೆದು ಒಳಗೆ ಕಳಿಸುತ್ತದೆ. ಅಷ್ಟು ಹೊತ್ತೂ ಅಲ್ಲಾಡುವ ಹಾಗಿಲ್ಲ. ಕುಡಿಯುವ ನೀರಿಗೂ ಅಳತೆ. ಬೇಸಿಗೆಯಲ್ಲಿ ಕಲಿಯುವವರು ಪಕ್ಕದಲ್ಲಿ ಬಾಟಲಿ ಎತ್ತಿ ಗಟಗಟ ಕುಡಿದರೆ ನನಗೆ ಅವರ ಕತ್ತು ಹಿಸುಕುವಷ್ಟು ಸಿಟ್ಟು ಬರುತ್ತಿತ್ತು.

ನನ್ನದೊಂದು ಕಿಡ್ನಿ ತಗೊಳ್ಳಿ ಎಂದು ಹೆಂಡತಿ ಮೊದಲ ದಿನವೇ ಹೇಳಿದ್ದಳು. ಪರೀಕ್ಷೆ ಮಾಡಿದರು. ನನ್ನ ರಕ್ತ ಅವಳದನ್ನು ಒಪ್ಪಲಿಲ್ಲ. ಜಗಳದಲ್ಲಿ ಸೋತರೂ ಅಳದವಳು ಅವತ್ತು ಆಸ್ಪತ್ರೆಯ ಲಿಫ್ಟಿನೊಳಗೆ ಅತ್ತಳು. ಆಗ ಕಿಡ್ನಿ ಡಾಕ್ಟರಮ್ಮ ಇನ್ನೊಂದು ದಾರಿ ಹೇಳಿದರು. ನಿಮ್ಮ ಹಾಗೆಯೇ ಹೊಂದಾಣಿಕೆಯಾಗದ ಜೋಡಿಗಳು ಬೇರೆ ಆಸ್ಪತ್ರೆಗಳಲ್ಲೂ ಇದ್ದಾರೆ. ನಿಮ್ಮ ಹೆಂಡತಿಯ ಕಿಡ್ನಿ ಇನ್ನೊಬ್ಬರ ಹೆಂಡತಿಗೆ ಹೊಂದಿ, ಆ ಗಂಡನ ಕಿಡ್ನಿ ನಿಮಗೆ ಹೊಂದಿದರೆ ಅದಲುಬದಲು ಮಾಡಬಹುದು. ಕೆಲವು ತಿಂಗಳಿಗೊಮ್ಮೆ ಎಲ್ಲ ಆಸ್ಪತ್ರೆಗಳೂ ಸೇರಿ ಇಂಥ ಸುತ್ತು ನಡೆಸುತ್ತೇವೆ ಎಂದರು.

ಹೆಂಡತಿ ಡಾಕ್ಟರಮ್ಮನ ಮೇಜಿನ ಮೇಲಿದ್ದ ಪೆನ್ನು ಕೇಳದೆಯೇ ಎತ್ತಿಕೊಂಡಳು. ನನ್ನ ಎಕ್ಸ್‌ರೇ ಕವರಿನ ಬೆನ್ನಿಗೆ ಒಂದು ಚುಕ್ಕಿ ಇಟ್ಟು, ಇದು ನಾವಿಬ್ಬರೂ ಎಂದಳು. ಇನ್ನೊಂದು ಇಟ್ಟು, ಇದು ಆ ಇನ್ನೊಂದು ಜೋಡಿ ಎಂದಳು. ಅದಲುಬದಲು ಸಾಧ್ಯವಿದ್ದರೆ ನಡುವೆ ಗೆರೆ. ಎಳೆದು ನನ್ನ ಮುಖ ನೋಡಿದಾಗ ಅವಳ ಕಣ್ಣು ಹೊಳೆಯುತ್ತಿದ್ದವು. ಗಂಡನ ಕಿಡ್ನಿ ಹೋಗಿದೆ, ಇವಳಿಗೆ ಗಣಿತದ ಸಂಭ್ರಮ ಎಂದು ನನ್ನ ಪಿತ್ತ ನೆತ್ತಿಗೇರಿತು. ಅವಳು ಇಷ್ಟು ವರ್ಷ ಯಾವ ಪ್ರಶ್ನೆಗೆ ಅಂಟಿಕೊಂಡು ಕೂತಿದ್ದಳೋ ಅದು ನನ್ನ ಎಕ್ಸ್‌ರೇ ಕವರಿನ ಮೇಲೆ ಬಂದು ಕೂತಿದೆ ಎಂಬುದು ನನಗೆ ಹೊಳೆಯಲಿಲ್ಲ.

ಆ ಸುತ್ತುಗಳನ್ನು ನೋಡಿಕೊಳ್ಳಲು ಒಂದು ಸಮಿತಿಯಿತ್ತು. ಜೋಡಿ ಕಟ್ಟುತ್ತಿದ್ದದ್ದು ಯಾರೋ ಎಂದೋ ಮಾಡಿಟ್ಟುಹೋದ ಹಳೆಯ ಕಂಪ್ಯೂಟರ್ ಪ್ರೋಗ್ರಾಂ. ಅದನ್ನು ಪರಿಶೀಲಿಸಿ ಒಂದು ವರದಿ ಕೊಡಿ ಎಂದು, ಡಾಕ್ಟರಮ್ಮನ ಮಾತಿನ ಮೇಲೆ, ಸಮಿತಿ ನನ್ನ ಹೆಂಡತಿಯನ್ನು ಕೇಳಿತು. ಆಕೆಯ ಗಂಡನೂ ಆ ಗುಂಪಿನಲ್ಲಿದ್ದಾನೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಗುಂಪಿನ ಪಟ್ಟಿಯನ್ನು ಅವಳ ಕೈಗೆ ಕೊಡುವ ಮುಂಚೆ ಹೆಸರೆಲ್ಲ ತೆಗೆದು, ಅಂಕಿ ಕಲಸಿಕೊಟ್ಟರು. ಅವಳಿಗೂ ಅದೇ ಬೇಕಿತ್ತು.

ಪ್ರೋಗ್ರಾಂ ತಪ್ಪು ಮಾಡಿರಲಿಲ್ಲ. ಪ್ರತಿ ಸುತ್ತಿನಲ್ಲೂ ಸಾಧ್ಯವಿದ್ದಷ್ಟು ಹೆಚ್ಚು ಜೋಡಿಯನ್ನೇ ಕಟ್ಟುತ್ತಿತ್ತು. ಆದರೆ ಅಷ್ಟೇ ಜೋಡಿಯನ್ನು ಬೇರೆ ಬೇರೆ ರೀತಿಯಲ್ಲೂ ಕಟ್ಟಬಹುದು. ಅಂಥ ಕಡೆ ಅದು ಮೊದಲು ಕಣ್ಣಿಗೆ ಬಿದ್ದದ್ದನ್ನು ಹಿಡಿದುಬಿಡುತ್ತಿತ್ತು. ಹತ್ತಾರು ಗೆರೆಯಿರುವ ಚುಕ್ಕಿ ಬೇಗ ಕಣ್ಣಿಗೆ ಬೀಳುತ್ತದೆ. ಒಂದೇ ಗೆರೆಯ ಚುಕ್ಕಿ, ಅಂದರೆ ಇಡೀ ಗುಂಪಿನಲ್ಲಿ ಒಂದೇ ಒಂದು ಜೋಡಿ ಹೊಂದುವವರು, ಸುತ್ತಿನಿಂದ ಸುತ್ತಿಗೆ ಹಾಗೇ ಉಳಿಯುತ್ತಿದ್ದರು. ಸುಲಭದವರು ಹೋಗುತ್ತಾ ಕಷ್ಟದವರೇ ಗುಂಪಿನಲ್ಲಿ ತುಂಬುತ್ತಿದ್ದರು. ಇದಕ್ಕೆ ಮದ್ದು ಸರಳವಾಗಿತ್ತು: ಒಂದೇ ಗೆರೆಯವರನ್ನು ಮೊದಲು ಜೋಡಿಸಿ, ಆಮೇಲೆ ಉಳಿದವರನ್ನು ನೋಡಿ. ಒಟ್ಟು ಜೋಡಿ ಒಂದೂ ಕಡಿಮೆಯಾಗುವುದಿಲ್ಲ. ಯಾಕೆಂದರೆ ಅವರ ಪಾಲಿನ ಜೊತೆಗಾರ ಬೇರೆಯವರಿಗೆ ಹೋಗಿದ್ದರೆ, ಆ ಬೇರೆಯವರನ್ನು ಇಳಿಸಿ ಇವರನ್ನು ಕೂರಿಸಿದರೆ ಲೆಕ್ಕ ಸಮ. ಇಳಿದವರಿಗೆ ಇನ್ನೂ ಬೇಕಾದಷ್ಟು ಬಾಗಿಲುಗಳಿವೆ. ಇದಿಷ್ಟು ನನಗೂ ಅರ್ಥವಾಯಿತು ಎಂದ ಮೇಲೆ ಯಾರಿಗಾದರೂ ಅರ್ಥವಾಗುತ್ತದೆ.

ಅವಳು ವರದಿ ಬರೆಯತೊಡಗಿದ ಮೇಲೆ ಮನೆಯಲ್ಲಿ ಮಾತು ಕಡಿಮೆಯಾಯಿತು. ಬರೆಯುವುದು, ಹರಿಯುವುದು. ಏನಾಯಿತು ಎಂದರೆ ಏನಿಲ್ಲ. ಒಂದು ಮಧ್ಯಾಹ್ನ ಡಯಾಲಿಸಿಸ್ ಕುರ್ಚಿಯಲ್ಲಿ ನಾನು ಸೂಜಿ ಚುಚ್ಚಿಸಿಕೊಂಡು ಒರಗಿದ್ದಾಗ ಸ್ಟೂಲು ಎಳೆದುಕೊಂಡು ಪಕ್ಕಕ್ಕೆ ಬಂದು ಕೂತಳು.

"ಒಂದು ವಿಷಯ ಹೇಳ್ಬೇಕು. ಎದ್ದು ಹೋಗ್ಬಾರ್ದು."

"ಎಲ್ಲಿಗೆ ಎದ್ದು ಹೋಗ್ಲಿ? ಕಟ್ಟಿಹಾಕಿದ್ದಾರಲ್ಲ," ಎಂದೆ.

"ಅದಕ್ಕೇ ಈಗ ಹೇಳ್ತಿರೋದು. ಆ ಚಿತ್ರದಲ್ಲಿ ನೀವು ಯಾವ ಚುಕ್ಕಿ ಅಂತ ನಂಗೆ ಗೊತ್ತಾಗ್ಬಿಡ್ತು ರೀ."

ಹೇಗೆ ಎಂದರೆ, ಹಿಂದೊಮ್ಮೆ ಡಾಕ್ಟರಮ್ಮ ನಮ್ಮಿಬ್ಬರ ಎದುರೇ ಹೇಳಿದ್ದ ಒಂದು ಮಾತಿನಿಂದ. ನಿಮ್ಮದು ಬಲು ಹಠಮಾರಿ ರಕ್ತ, ನಿಮಗೆ ಹೊಂದುವುದು ಒಂದೇ ಜೋಡಿ, ಆ ಜೋಡಿಗೋ ಗುಂಪಿನಲ್ಲಿ ಅರ್ಧ ಜನ ಹೊಂದುತ್ತಾರೆ ಎಂದಿದ್ದರು. ಹೆಸರು ತೆಗೆದರೇನು, ಅಂಕಿ ಕಲಸಿದರೇನು, ಗೆರೆಗಳು ಎಲ್ಲಿದ್ದವೋ ಅಲ್ಲೇ ಇದ್ದವಲ್ಲ. ಒಂದೇ ಗೆರೆಯ ಚುಕ್ಕಿಗಳು ನಾಲ್ಕೈದು ಇದ್ದವು. ಅವುಗಳಲ್ಲಿ ಎಲ್ಲರೂ ಮುಗಿಬಿದ್ದಿದ್ದ ಚುಕ್ಕಿಗೆ ಅಂಟಿಕೊಂಡದ್ದು ಒಂದೇ. ಅದು ನಾನು. ಬೀದಿಯಲ್ಲಿ ನೂರು ಕಾರು ನಿಂತಿದ್ದರೂ ನನ್ನ ಕಾರನ್ನು ನಾನು ಹಿಂದಿನಿಂದಲೇ ಗುರುತಿಸುವ ಹಾಗೆ ಅವಳು ನನ್ನನ್ನು ಗುರುತಿಸಿಬಿಟ್ಟಿದ್ದಳು.

"ಈಗ ನಾನು ಆ ನಿಯಮ ಬರೆದ್ರೆ ಗಂಡನಿಗೋಸ್ಕರ ಬರೆದ ಹಾಗೆ," ಎಂದಳು. "ಬರೆದಿಲ್ಲ. ಅದನ್ನ ಬಿಟ್ಟು ಮಿಕ್ಕಿದ್ದೆಲ್ಲ ಬರೆದಿದ್ದೀನಿ."

ನನಗೆ ಮೈಯೆಲ್ಲ ಬೆಂಕಿ ಹತ್ತಿತು. "ಅಂದ್ರೆ ನಿನ್ನ ಕೈ ಶುದ್ಧ ಇರ್ಲಿ ಅಂತ ನಾನು ಸಾಯ್ಬೇಕಾ, ಮೇಡಂ?" ಎಂದೆ. ಸಿಟ್ಟು ಬಂದಾಗ ಅವಳು ನನಗೆ ಮತ್ತೆ ಮೇಡಂ ಆಗುತ್ತಾಳೆ. ರಕ್ತದೊತ್ತಡ ಏರಿ ಯಂತ್ರ ಕಿರ್ರೆಂದು ಅರಚಿಕೊಂಡಿತು. ನರ್ಸ್ ಓಡಿಬಂದು ಗುಂಡಿ ಒತ್ತಿ, ಸಂಸಾರದ ಜಗಳ ಹೊರಗಿಟ್ಟು ಬನ್ನಿ ಎಂದು ಇಬ್ಬರಿಗೂ ಬೈದು ಹೋದಳು. ನಾನು ಮುಖ ಆ ಕಡೆ ತಿರುಗಿಸಿದೆ.

ಆ ಕಡೆಯ ಕುರ್ಚಿಯಲ್ಲಿ ತೋಟದಮ್ಮ ಮಲಗಿದ್ದಳು. ಪಾರ್ಕಿನಲ್ಲಿ ಗಿಡ ನೋಡಿಕೊಳ್ಳುವ ಕೆಲಸ, ಅದಕ್ಕೇ ಆ ಹೆಸರು. ಬಿಸಿಲಿಗೆ ಹಾಕುವ ಟೋಪಿಯನ್ನು ಮುಖದ ಮೇಲೆ ಬೋರಲು ಹಾಕಿಕೊಂಡು ನಿದ್ದೆ ಮಾಡುತ್ತಿದ್ದಳು. ಕಿಡ್ನಿ ಕೊಡಲು ಅವಳ ತಂಗಿ ತಯಾರಿದ್ದಳು, ಹೊಂದಿರಲಿಲ್ಲ. ಅದಲುಬದಲಿನ ಗುಂಪಿಗೆ ನನಗಿಂತ ಎಷ್ಟೋ ಮೊದಲೇ ಸೇರಿದ್ದಳು. ಪ್ರತಿ ಸುತ್ತಿಗೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಈ ಸಲವೂ ಇಲ್ಲವಂತೆ ಎಂದು ನಗುತ್ತಾ ಬಂದು ಕುರ್ಚಿಗೆ ಒರಗುತ್ತಿದ್ದಳು. ನಿನಗೆ ಎಷ್ಟು ಜೋಡಿ ಹೊಂದುತ್ತಾರೆ ಎಂದು ಒಮ್ಮೆ ಕೇಳಿದ್ದೆ. ಒಂದೇ ಒಂದು ಎಂದಿದ್ದಳು. ಆಗ ಅದರ ಅರ್ಥ ನನಗೆ ತಿಳಿದಿರಲಿಲ್ಲ. ಈಗ ತಿಳಿಯಿತು. ನನ್ನ ಹೆಂಡತಿ ನನ್ನನ್ನು ಹೊರಗಿಡಲು ಹೋಗಿ ತೋಟದಮ್ಮನನ್ನೂ ಹೊರಗಿಟ್ಟಿದ್ದಳು.

ಮುಖವನ್ನು ಮತ್ತೆ ಹೆಂಡತಿಯ ಕಡೆ ತಿರುಗಿಸಿದೆ. ಆಗ ಹೇಳಿದೆ.

"ನಿಯಮ ಬರಿ. ಈ ಸುತ್ತಿನಿಂದ ನಾವು ಆಚೆ ಬರ್ತೀವಿ ಅಂತ ಡಾಕ್ಟರಮ್ಮಂಗೆ ನಾನೇ ಹೇಳ್ತೀನಿ. ಆಗ ಯಾರು ಏನು ಅಂತಾರೆ?"

"ಆ ಒಂದು ಗೆರೆಯೂ ಹೋಗುತ್ತೆ. ಆ ಜೋಡಿ ಬೇರೆಯವರಿಗೆ ಹೋಗ್ಬಿಡ್ತಾರೆ. ಆಮೇಲೆ ನಿಮಗೆ ಏನೂ ಉಳಿಯಲ್ಲ."

"ಗೊತ್ತು. ನೀನೇ ಈಗ ಪಾಠ ಮಾಡಿದ್ಯಲ್ಲ."

ಅವಳು ಒಪ್ಪಲಿಲ್ಲ. ಹಠದಲ್ಲಿ ಅವಳದು ಎತ್ತಿದ ಕೈ. ಅಂಥ ನಿಯಮವೂ ಬೇಡ, ಸಮಿತಿಯೂ ಬೇಡ, ಎಲ್ಲ ಬಿಟ್ಟು ಬರುತ್ತೇನೆ ಎಂದಳು. ಬಿಟ್ಟುಬಂದರೆ ತೋಟದಮ್ಮನ ಮುಖ ನಾನು ಹೇಗೆ ನೋಡಲಿ, ವಾರಕ್ಕೆ ಮೂರು ಸಲ ಅವಳ ಪಕ್ಕ ಒರಗುವವನು ನಾನು ತಾನೇ ಎಂದೆ. ಅವಳು ಆ ರಾತ್ರಿಯೇ ಕೂತು ನಿಯಮ ಬರೆದಳು. ವಿಷಯ ಅತ್ತೆಯ ಕಿವಿಗೆ ಬಿದ್ದಾಗ ಅವರು ಚೀಲ ಹಿಡಿದುಕೊಂಡು ನಮ್ಮ ಮನೆಗೇ ಬಂದರು. ಇಬ್ಬರಿಗೂ ತಲೆ ಕೆಟ್ಟಿದೆ, ಮಗಳಿಗೆ ಮೊದಲೇ ಕೆಟ್ಟಿತ್ತು, ಅಳಿಯಂದಿರಾದರೂ ಸರಿಯಿದ್ದಾರೆ ಅಂದುಕೊಂಡಿದ್ದೆ ಎಂದು ಇಡೀ ಸಂಜೆ ಬೈದರು. ಬೈದು, ನಮ್ಮಲ್ಲೇ ಉಳಿದುಕೊಂಡರು, ನನ್ನ ನೀರಿನ ಲೋಟ ಅಳೆದು ಕೊಡುವ ಕೆಲಸ ತಾವೇ ವಹಿಸಿಕೊಂಡರು.

ಸಮಿತಿಯ ಸಭೆಯ ದಿನ ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಮಾತು ಕೇಳಿಸುತ್ತಿತ್ತು. ಅವಳು ಪೀಠಿಕೆಯಿಲ್ಲದೆ ಶುರುಮಾಡಿದಳು. ಈ ಚಿತ್ರದಲ್ಲಿ ನನ್ನ ಗಂಡ ಯಾರೆಂದು ನಾನು ಗುರುತಿಸಿದ್ದೇನೆ, ಹೆಸರು ತೆಗೆದರೆ ಸಾಕು ಅಂದುಕೊಂಡದ್ದು ನನ್ನ ತಪ್ಪು, ನಾವಿಬ್ಬರೂ ಈ ಸುತ್ತಿನಲ್ಲಿಲ್ಲ, ಇನ್ನು ನಿಯಮ ನೋಡಿ ಎಂದಳು. ಒಬ್ಬ ಸರ್ಜನ್ ಬಹಳ ಕೆದಕಿದರು. ಒಂದು ಜೋಡಿ ಕಡಿಮೆಯಾದರೂ ಒಂದು ಜೀವ ಹೋದ ಹಾಗೆ, ಅದರ ಹೊಣೆ ಯಾರದು ಎಂದರು. ಅವಳು ಬೋರ್ಡಿನ ಬಳಿ ಹೋಗಿ, ಇಳಿಸುವುದನ್ನೂ ಕೂರಿಸುವುದನ್ನೂ ಮತ್ತೆ ಮತ್ತೆ ಬರೆದು ತೋರಿಸಿದಳು. ಸೀಮೆಸುಣ್ಣದ ಸದ್ದು ಬಹಳ ಹೊತ್ತು ನಡೆಯಿತು. ಕೊನೆಗೆ ಆ ಸರ್ಜನ್ನೇ, ಒಂದು ಸುತ್ತು ನಡೆಸಿ ನೋಡೋಣ ಎಂದರು. ಹೊರಗೆ ಬಂದ ನನ್ನ ಹೆಂಡತಿಯ ಸೀರೆಯ ತುಂಬ ಸುಣ್ಣ. ಆ ಕ್ಷಣ ನನಗೆ ಬೇರೆ ಏನೂ ಬೇಕಿರಲಿಲ್ಲ, ಅಷ್ಟು ಹೆಮ್ಮೆಯಾಗಿತ್ತು.

ಹೆಮ್ಮೆ ಬಹಳ ದಿನ ಬಾಳಲಿಲ್ಲ. ಸುತ್ತು ನಡೆಯಿತು. ಒಟ್ಟು ಜೋಡಿಗಳು ಹಳೆಯ ಪ್ರೋಗ್ರಾಂ ಕೊಡುತ್ತಿದ್ದಷ್ಟೇ ಬಂದವು, ಒಂದೇ ಗೆರೆಯವರು ಎಲ್ಲರೂ ಸೇರಿಹೋದರು. ಆಪರೇಷನ್ನಿಗೆ ಹೋಗುವ ಮುಂಚೆ ತೋಟದಮ್ಮ ತಂಗಿಯನ್ನು ಕರೆದುಕೊಂಡು ಬಂದು ನಮಗೆಲ್ಲ ಹೇಳಿಹೋದಳು. ಮರುವಾರ ಅವಳ ಕುರ್ಚಿ ಖಾಲಿಯಿತ್ತು. ನಾನು ಅದನ್ನು ನೋಡಿ ಖುಷಿಪಟ್ಟೆ, ಅದನ್ನೇ ನೋಡಿ ಹೊಟ್ಟೆಯನ್ನೂ ಉರಿಸಿಕೊಂಡೆ. ನನಗೆ ಹೊಂದುತ್ತಿದ್ದ ಆ ಒಂದು ಜೋಡಿಯೂ, ಹೆಂಡತಿ ಹೇಳಿದ್ದ ಹಾಗೆಯೇ, ಬೇರೆ ಯಾರ ಜೊತೆಗೋ ಹೊರಟುಹೋಗಿತ್ತು. ನಾನೀಗ ಗೆರೆಯೇ ಇಲ್ಲದ ಚುಕ್ಕಿ. ದೊಡ್ಡ ಮನುಷ್ಯನ ಹಾಗೆ ಆಚೆ ಬರ್ತೀನಿ ಎಂದವನಿಗೆ ಆಗ ಹೆದರಿಕೆ ಶುರುವಾಯಿತು. ಸಾವಿನ ಹೆದರಿಕೆ. ಮರೆಮಾಚುವುದೇನಿದೆ, ರಸ್ತೆಯಲ್ಲಿ ಸಿಕ್ಕಸಿಕ್ಕವರ ಮೇಲೆಲ್ಲ ಹಾರಾಡಿದೆ. ಪಾಪ, ರಿವರ್ಸ್ ಕಲಿಯುತ್ತಿದ್ದ ಒಬ್ಬ ಬ್ಯಾಂಕ್ ಗುಮಾಸ್ತ ನನ್ನ ಬೈಗುಳ ತಡೆಯಲಾರದೆ ಬೇರೆ ಸ್ಕೂಲಿಗೆ ಸೇರಿಕೊಂಡ.

ಮುಂದೆ ಮೈಯಲ್ಲಿ ಕಸುವು ಇಳಿಯಿತು. ಸ್ಕೂಲನ್ನು ತಮ್ಮನಿಗೆ ಒಪ್ಪಿಸಿ ಮನೆಯಲ್ಲಿ ಕೂತೆ. ಆಸ್ಪತ್ರೆಗೆ ಕರೆದೊಯ್ಯುವುದು ಹೆಂಡತಿಯ ಪಾಲಿಗೆ ಬಂತು. ಅಷ್ಟು ವರ್ಷ ಲೈಸೆನ್ಸ್ ಪೆಟ್ಟಿಗೆಯಲ್ಲಿಟ್ಟಿದ್ದವಳು ಕಾರು ತೆಗೆದಳು. ನಾನು ಪಕ್ಕದಲ್ಲಿ ಕೂತು ಬಾಯಿಗೆ ಬೀಗ ಹಾಕಿಕೊಳ್ಳಬೇಕೆಂದು ಅತ್ತೆಯ ಕಟ್ಟಪ್ಪಣೆ. ಎರಡನೇ ಗೇರಿನಲ್ಲೇ ಊರೆಲ್ಲ ದಾಟುತ್ತಿದ್ದಳು. ಗಾಡಿ ಅಳುತ್ತಿತ್ತು, ನಾನು ಸಹಿಸಿಕೊಂಡೆ. ಒಂದು ದಿನ ಹೀಗೇ ಹೋಗುತ್ತಿರುವಾಗ, ನಾನು ಆಚೆ ಬಂದದ್ದು ತಪ್ಪಾಯಿತು ಅನಿಸುತ್ತದೆ ಎಂದು ಬಾಯಿಬಿಟ್ಟು ಹೇಳಿದೆ. ಅವಳು ಕಾರನ್ನು ಪಕ್ಕಕ್ಕೆ ನಿಲ್ಲಿಸಿದಳು, ಸರಿಯಾಗಿಯೇ ನಿಲ್ಲಿಸಿದಳು. "ನಂಗೂ ದಿನಾ ಅನಿಸುತ್ತೆ," ಎಂದಳು. "ಆದ್ರೆ ತೋಟದಮ್ಮ ನೆನ್ನೆ ಪಾರ್ಕಿನಲ್ಲಿ ನೀರು ಹಾಯಿಸ್ತಿದ್ಲು. ನೋಡಿದೆ." ಮತ್ತೆ ಗಾಡಿ ತೆಗೆದಳು. ಅವತ್ತು ಆಸ್ಪತ್ರೆ ತಲುಪುವ ಹೊತ್ತಿಗೆ ಮನಸ್ಸು ಸ್ವಲ್ಪ ಹಗುರವಾಗಿತ್ತು.

ಲೆಕ್ಕಕ್ಕೆ ಸಿಗದ ಒಂದು ಸಂಗತಿ ಆಮೇಲೆ ನಡೆಯಿತು. ಕಷ್ಟದವರಿಗೂ ಇಲ್ಲಿ ಜೋಡಿ ಸಿಗುತ್ತದಂತೆ ಎಂಬ ಸುದ್ದಿ ಒಂದು ಡಯಾಲಿಸಿಸ್ ಹಾಲಿನಿಂದ ಇನ್ನೊಂದಕ್ಕೆ ಹಬ್ಬಿತು. ಇವರಿಗೆ ಹೇಗಿದ್ದರೂ ಸಿಗುವುದಿಲ್ಲ ಎಂದು ಅದುವರೆಗೆ ಕೈಬಿಟ್ಟಿದ್ದ ರೋಗಿಗಳ ಹೆಸರನ್ನು ಬೇರೆ ಬೇರೆ ಆಸ್ಪತ್ರೆಗಳು ಕಳಿಸತೊಡಗಿದವು. ಗುಂಪು ದೊಡ್ಡದಾಯಿತು. ನನ್ನಂಥ ಹಠಮಾರಿ ರಕ್ತದವರು ಬಂದರು, ಅವರ ಜೊತೆಗೆ ಅವರಿಗೆ ಹೊಂದದ, ಆದರೆ ಇನ್ಯಾರಿಗೋ ಹೊಂದುವ ಗಂಡ, ಹೆಂಡತಿ, ಅಕ್ಕ, ಭಾವ ಬಂದರು. ಒಂದು ಬೆಳಿಗ್ಗೆ ಡಾಕ್ಟರಮ್ಮ ಫೋನ್ ಮಾಡಿ, ನಿಮಗೀಗ ಒಂದು ಜೋಡಿ ಹೊಂದುತ್ತದೆ, ಸುತ್ತಿಗೆ ಸೇರುತ್ತೀರಾ ಅಥವಾ ಮತ್ತೆ ಏನಾದರೂ ತ್ಯಾಗದ ಯೋಚನೆ ಇದೆಯಾ ಎಂದು ಕೇಳಿದರು. ಫೋನ್ ಹಿಡಿದಿದ್ದ ಅತ್ತೆ ನಮ್ಮನ್ನು ಕೇಳದೆಯೇ, ಸೇರುತ್ತಾರೆ ಎಂದು ಹೇಳಿ ಇಟ್ಟರು.

ಆ ಹೊತ್ತಿಗೆ ನನ್ನ ಹೆಂಡತಿ ಸಮಿತಿ ಬಿಟ್ಟಿದ್ದಳು. ಬೇರೆ ಕಾಲೇಜಿನ ಗಣಿತದ ಮೇಷ್ಟ್ರೊಬ್ಬರು ಆ ಸುತ್ತು ನಡೆಸಿದರು, ಅವಳು ಬರೆದ ನಿಯಮದಂತೆಯೇ. ಒಂದೇ ಗೆರೆಯವರು ಮೊದಲು. ಯಾರ ದಾಕ್ಷಿಣ್ಯವೂ ಇಲ್ಲದೆ ನನಗೆ ಜೋಡಿ ಸಿಕ್ಕಿತು.

ನಾಲ್ಕು ಆಪರೇಷನ್ನೂ ನಮ್ಮ ಆಸ್ಪತ್ರೆಯಲ್ಲೇ ಒಂದೇ ದಿನ ನಡೆದವು. ಒಬ್ಬ ಅಪರಿಚಿತನ ಕಿಡ್ನಿ ನನಗೆ, ನನ್ನ ಹೆಂಡತಿಯದು ಅವನ ಹೆಂಡತಿಗೆ. ಎಚ್ಚರವಾದಾಗ ಬಾಯಿ ಒಣಗಿತ್ತು, ಪಕ್ಕೆ ಉರಿಯುತ್ತಿತ್ತು. ನರ್ಸ್ ಮಂಚದ ಪಕ್ಕದಿಂದ ಒಂದು ಚೀಲ ಎತ್ತಿ ನನ್ನ ಕಣ್ಣ ಮುಂದೆ ಹಿಡಿದಳು. ಒಳಗೆ ತಿಳಿಹಳದಿ ನೀರು. ಕಿಡ್ನಿ ಹೋದವನಿಗೆ ಮೂತ್ರ ನಿಂತುಹೋಗಿರುತ್ತದೆ, ಎರಡು ವರ್ಷದಿಂದ ನನಗೆ ಅದರ ನೆನಪೇ ಇರಲಿಲ್ಲ. ಉಚ್ಚೆ ನೋಡಿ ಅತ್ತ ಗಂಡಸು ನಾನೊಬ್ಬನೇ ಇರಬೇಕು ಎಂದೆ. ಇಲ್ಲಿ ಎಲ್ಲರೂ ಅಳುತ್ತಾರೆ ಎಂದಳು ನರ್ಸ್.

ಮಾರನೆಯ ದಿನ ಹೆಂಡತಿ ಪಕ್ಕೆ ಹಿಡಿದುಕೊಂಡು, ಗೋಡೆ ಸವರಿಕೊಂಡು ನನ್ನ ಕೋಣೆಗೆ ಬಂದಳು. ಚೀಲ ನೋಡಿದಳು, ನನ್ನ ಕೆನ್ನೆ ತಟ್ಟಿದಳು. ಮುಖದಲ್ಲಿ ಕಳೆಯಿರಲಿಲ್ಲ. "ಅವರಿಗೆ ಇನ್ನೂ ಬಂದಿಲ್ವಂತೆ," ಎಂದಳು. ಅವಳ ಕಿಡ್ನಿ ಪಡೆದ ಆ ಹೆಂಗಸಿನ ಚೀಲ ಖಾಲಿಯಿತ್ತು. ಕೆಲವೊಮ್ಮೆ ತಡವಾಗುತ್ತದೆ, ಹೊಸ ಮನೆಗೆ ಹೊಂದಿಕೊಳ್ಳಲಿ ಎಂದರು ಡಾಕ್ಟರಮ್ಮ. ಹೆಂಡತಿಗೆ ಅದು ಸಮಾಧಾನವಾಗಲಿಲ್ಲ. ನನ್ನ ಕಿಡ್ನಿಯಲ್ಲೇ ಏನೋ ಐಬಿತ್ತು, ಅವರ ಗಂಡನ ಕಿಡ್ನಿ ಕಿತ್ತುಕೊಂಡು ನಾವು ಏನೂ ಕೊಡದ ಹಾಗಾಯಿತು ಎಂದು ಒಂದೇ ಸಮನೆ ಹಲುಬಿದಳು. ನನಗೂ ನನ್ನ ಚೀಲ ನೋಡಲು ನಾಚಿಕೆಯಾಯಿತು. ನರ್ಸ್ ಅದನ್ನು ಬದಲಿಸಲು ಬಂದಾಗ ಬೇಗ ತೆಗೆದುಕೊಂಡು ಹೋಗು ಎಂದೆ. ಅದರ ಮರುದಿನವೂ ಏನೂ ಇಲ್ಲ. ಅವಳು ಊಟ ಮುಟ್ಟಲಿಲ್ಲ, ಅತ್ತೆ ಬೈಯುವುದನ್ನೇ ನಿಲ್ಲಿಸಿಬಿಟ್ಟರು.

ಅದರಾಚೆಯ ಬೆಳಿಗ್ಗೆ ಅವಳು ನನ್ನ ಮಂಚದ ಪಕ್ಕ ಕೂತಿದ್ದಾಗ ಬಾಗಿಲಲ್ಲಿ ಒಬ್ಬ ಎತ್ತರದ ಮನುಷ್ಯ ಬಂದು ನಿಂತ. ಆಸ್ಪತ್ರೆಯ ಹಸಿರು ಅಂಗಿ, ಒಂದು ಕೈ ಪಕ್ಕೆಯ ಮೇಲೆ. ನಾವು ಅವನನ್ನು ಹಿಂದೆಂದೂ ನೋಡಿರಲಿಲ್ಲ, ಆದರೆ ಯಾರೆಂದು ಇಬ್ಬರಿಗೂ ತಿಳಿಯಿತು. ಅವನ ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿದ್ದವು. ಬಾಗಿಲ ಚೌಕಟ್ಟು ಹಿಡಿದುಕೊಂಡ.

"ನಮ್ಮವಳಿಗೂ ಬಂತು, ಮೇಡಂ," ಎಂದ. "ಈಗ ತಾನೆ. ನಿಮಗೇ ಮೊದಲು ಹೇಳೋಣ ಅಂತ ಬಂದೆ."

ನನ್ನ ಹೆಂಡತಿ ಎದ್ದು ನಿಲ್ಲಲು ಹೋದಳು, ಹೊಲಿಗೆಯ ನೋವಿಗೆ ಆಗಲಿಲ್ಲ. ಅಲ್ಲೇ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಆ ಮನುಷ್ಯ ಮೆಲ್ಲಗೆ ಒಳಗೆ ಬಂದು, ನನ್ನ ಮಂಚದ ತುದಿಯಲ್ಲಿ ಪಕ್ಕೆ ಹಿಡಿದುಕೊಂಡು ಕೂತ. ಅವಳ ಅಳು ಮುಗಿಯುವ ತನಕ ನಾವು ಮೂವರೂ ಹಾಗೇ ಕೂತಿದ್ದೆವು.